ತೆರ್ಫಾಸ್ ಅಣಬೆಯ ತಾಯಿ

ಪರರ ಮಾತು ಹೇಳುವುದು ತಪ್ಪೇನೋ, ಕ್ಷಮಿಸಿ. ಮರುಭೂಮಿಯಂಚಿನ ಮೆದ್ನಿನ್ ಊರಿನ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಝೊಹ್ರಾ ಇದನ್ನು ಬೇಕೆಂದು ಕೇಳಿಸಿಕೊಂಡದ್ದಲ್ಲ. ಪಕ್ಕದಲ್ಲೇ ಜೀವಶಾಸ್ತ್ರ ಓದುವ ಹುಡುಗಿಯೂ ಅವಳ ಚಿಕ್ಕಮ್ಮನೂ ಕುಳಿತಿದ್ದರು.

“ಈ ಸಲಾನೂ ಫೇಲಾದ್ರೆ ಕಾಲೇಜಿಂದ ಹೊರಗೇ, ಚಿಕ್ಕಮ್ಮ. ಪರೀಕ್ಷೇಲಿ ಒಂದು ಗಿಡದ ಬೇರು ಸೀಳಿ ಸೂಕ್ಷ್ಮದರ್ಶಕದಲ್ಲಿ ಇಟ್ಟಿದ್ರು. ಜೀವಕೋಶದ ಸುತ್ತ ಶಿಲೀಂಧ್ರದ ಎಳೆ. ಉಳಿದೋರೆಲ್ಲ ರೋಗ ಅಂತ ಬರೆದ್ರು.”

“ನೀನು?”

“ಮರಳಲ್ಲಿ ತೆರ್ಫಾಸ್ ಅಗೆಯೋವಾಗ ನಾನು ಪಕ್ಕದ ಗಿಡ ಕಿತ್ತಿದ್ದಕ್ಕೆ, ನೀನು ‘ಅಣಬೆ ತಾಯಿನೇ ಕೊಂದ್ಯಲ್ಲೇ’ ಅಂತ ಗುದ್ದಿದ್ದೆಯಲ್ಲ, ನೆನಪಾಯ್ತು. ಗಿಡ, ಶಿಲೀಂಧ್ರ ಒಂದನ್ನೊಂದು ಸಾಕ್ತವೆ ಅಂತ ಬರೆದೆ.”

“ತೆರ್ಫಾಸ್ ಗುಡುಗಿಗೆ ಹುಟ್ಟುತ್ತೆ ಅಂತೀನಲ್ಲ, ಅದನ್ನೂ ಬರೆದ್ಯಾ?”

“ಬರೆದಿದ್ರೆ ಮುಗೀತಿತ್ತು! ಅದು ಹುಟ್ಟೋದು ಬೀಜಕಣದಿಂದ, ಚಿಕ್ಕಮ್ಮ.”

“ಸರಿ, ಪಾಠ ಕಲಿಸಿದ ಆ ಗುದ್ದಿಗೇನು ಕೊಡ್ತೀಯ?”

“ನಿನ್ನ ಕೈಗೆ ಮುತ್ತು. ಕೊಡು ಇಲ್ಲಿ.”

ಬಸ್ ಬಂತು, ಇಬ್ಬರೂ ಹತ್ತಿದರು. ಹುಡುಗಿ ಪಾಸಾದಳೋ ಇಲ್ಲವೋ, ಝೊಹ್ರಾಗೆ ಇಂದಿಗೂ ತಿಳಿಯದು.