ಸಂಗಣ್ಣನ ಕಿಸೆಯಲ್ಲಿರುವ ಕಾರ್ಡು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಪ್ರಮಾಣಪತ್ರಕ್ಕೆ ಕಾದು ಕುಳಿತ ರಕ್ತದಾನಿಗಳೇ, ಸಭಿಕರೇ,

ಕಳೆದ ತಿಂಗಳು ಸುರಪುರದ ಇದೇ ಸಭಾಂಗಣದ ರಕ್ತದಾನ ಶಿಬಿರದಲ್ಲಿ ಒಂದೇ ದಿನ ಮುನ್ನೂರು ಜನರ ರಕ್ತದ ಗುಂಪು ನೋಡಿ ಕಾರ್ಡು ಬರೆದುಕೊಟ್ಟೆನೆಂದು ಲ್ಯಾಬ್ ಟೆಕ್ನಿಷಿಯನ್ ಅಬ್ದುಲ್ ಕರೀಮನಾದ ನನಗೆ ಶಾಲು ಹೊದಿಸಿದ್ದೀರಿ. ಮುನ್ನೂರು! "ಕರೀಮಸಾಬ್, ಜಲ್ದಿ ಮಾಡ್ರಿ, ಫೋಟೋದವ್ರು ಹೊಂಟಾರ" ಎಂದು ಬೆನ್ನ ಹಿಂದೆ ನಿಂತು ಅವಸರಿಸಿದವರು ಯಾರು? ಇದೇ ವೇದಿಕೆಯವರು. ನಗಬೇಡಿ, ನನಗೆ ಸಿಟ್ಟು ಬಂದಿದೆ.

ನಮ್ಮ ರಕ್ತಕಣಕ್ಕೆ ಫ್ಯೂಕೋಸ್ ಎಂಬ ಸಣ್ಣ ಸಕ್ಕರೆಯನ್ನು ಅಂಟಿಸುವ ಕಿಣ್ವವೊಂದಿದೆ. ಆ ಸಕ್ಕರೆ ಕೂತ ಮೇಲೆಯೇ ಎ, ಬಿ ಗುರುತು ಕೂರುವುದು. ಓ ಗುಂಪಿನವರಲ್ಲಿ ಬರೀ ಆ ಸಕ್ಕರೆ ಇರುತ್ತದೆ. ಸಾವಿರಾರು ಜನರಲ್ಲಿ ಒಬ್ಬರಿಗೆ ಆ ಕಿಣ್ವವೇ ಕೆಲಸ ಮಾಡುವುದಿಲ್ಲ, ಸಕ್ಕರೆಯೂ ಇಲ್ಲ. ಅದನ್ನು ಬಾಂಬೆ ಗುಂಪು ಅನ್ನುತ್ತಾರೆ. ಅವಸರದ ಪರೀಕ್ಷೆಗೆ ಅವರೂ ಓ ಎಂದೇ ಕಾಣುತ್ತಾರೆ, ಆದರೆ ಅವರಿಗೆ ಓ ರಕ್ತ ಹಾಕಿದರೆ ಜೀವವೇ ಹೋಗಬಹುದು, ಅವರದೇ ಗುಂಪಿನ ರಕ್ತ ಬೇಕು. ಇದು ಬರುವುದು ತಾಯಿ ತಂದೆ ಇಬ್ಬರ ಕಡೆಯಿಂದ. ನಿಮ್ಮಲ್ಲಿ ಸೋದರಮಾವನಿಗೆ, ನಮ್ಮಲ್ಲಿ ಚಾಚಾನ ಮಗನಿಗೆ ಹೆಣ್ಣು ಕೊಡುತ್ತೇವೆ. ಹತ್ತಿರದ ಸಂಬಂಧದ ಮದುವೆಗಳಲ್ಲಿ ಇದು ಹೆಚ್ಚು ಅಂದ ಮೇಲೆ, ಓ ಎಂದು ಕಂಡವರಲ್ಲಿ ಆ ಸಕ್ಕರೆ ಇದೆಯೇ ಎಂದು ಇನ್ನೊಂದು ಪರೀಕ್ಷೆ ಮಾಡಬೇಡವೇ? ಅದಕ್ಕೆ ಐದು ನಿಮಿಷ ಸಾಕು.

ಶಿಬಿರವಾದ ಎಂಟನೆಯ ದಿನ ದೇವಾಪುರದ ಮಲ್ಲಿಕಮ್ಮ ನಮ್ಮ ಆಸ್ಪತ್ರೆಗೆ ಹೆರಿಗೆಗೆ ಬಂದಳು. ಕೂಸು ಉಳಿಯಿತು, ತಾಯಿಯ ರಕ್ತ ನಿಲ್ಲಲಿಲ್ಲ. ಅವಳ ರಕ್ತಕ್ಕೆ ಓ ಗುಂಪಿನ ನಾಲ್ಕು ಚೀಲ ಹೊಂದಿಸಿ ನೋಡಿದರೆ ನಾಲ್ಕೂ ಗಂಟುಗಟ್ಟಿದವು. ಅವಳ ಅಣ್ಣ ಸಂಗಣ್ಣ ಅಂಗಿಯ ತೋಳೇರಿಸಿ, "ನಂದೂ ಓ ಅದರಿ, ನೀವ ಬರದೀರಿ, ತಗೋರಿ" ಎಂದ. "ಎಂಟ ದಿನದ ಹಿಂದ ಕೊಟ್ಟೀಯಪಾ, ಮತ್ತ ತಗಿಯಾಕ ಬರಂಗಿಲ್ಲ. ಇಷ್ಟು ಓ ಕೂಡ್ಲಿಲ್ಲ, ನಿಂದ್ಯಾಕ ಕೂಡ್ತದ?" ಎಂದು ಅವನನ್ನು ಹೊರಗೆ ಕಳಿಸಿದವರು ಯಾರು?

ನಾನು.

ಸಂಜೆ ಅವಳು ತೀರಿಕೊಂಡಳು. ಮರುದಿನ, ಅವಳ ರಕ್ತ ಕಳಿಸಿದ್ದ ದೊಡ್ಡ ಲ್ಯಾಬಿನಿಂದ, ಅವಳದು ಬಾಂಬೆ ಗುಂಪು ಎಂದು ವರದಿ ಬಂತು. ಶಿಬಿರದ ದಿನ ಎತ್ತಿಟ್ಟಿದ್ದ ಸಂಗಣ್ಣನ ರಕ್ತದ ಟ್ಯೂಬು ಫ್ರಿಜ್ಜಿನಲ್ಲಿತ್ತು, ತೆಗೆದು ನೋಡಿದೆ. ಅವನದೂ ಅದೇ ಗುಂಪು. ಅವನು ಕೊಟ್ಟಿದ್ದ ಚೀಲವೋ, ಯಾವ ಓ ಆದರೂ ನಡೆಯುತ್ತಿದ್ದ ರೋಗಿಗೆ ಆಗಲೇ ಹೋಗಿತ್ತು.

ನಿಮ್ಮನ್ನೆಲ್ಲ ಬೈಯಬೇಕೆಂದೇ ಈ ಮೈಕಿನ ಮುಂದೆ ಬಂದೆ. ಅವಸರ ನಿಮ್ಮದು ನಿಜ, ಆದರೆ ಓ ಎಂದು ಬರೆದ ಕೈ ನನ್ನದು. ದೇವಾಪುರಕ್ಕೆ ಎರಡು ಸಲ ಹೋದೆ. ಎರಡು ಸಲವೂ ಸಂಗಣ್ಣನ ಬಾಗಿಲ ತನಕ ಹೋಗಿ ಹೇಡಿಯ ಹಾಗೆ ತಿರುಗಿ ಬಂದೆ.

ಸಂಗಣ್ಣ, ಹಿಂದ ಬಾಗಿಲ ಹತ್ರ ಕುಂತೀದಿ, ನನಗ ಕಾಣಾಕತ್ತದ. ಆ ಕಾರ್ಡು ಇನ್ನೂ ನಿನ್ನ ಕಿಸೇದಾಗ ಅದ. ನಾಳಿ ನೀ ರಸ್ತೇದಾಗ ಬಿದ್ರ ಅದನ್ನ ನೋಡಿ ನಿನಗೂ ಓ ರಕ್ತ ಹಾಕ್ತಾರೋ. ಆಮ್ಯಾಲ ನನ್ನ ಬೈಯಿ, ಹೊಡಿ. ಮೊದ್ಲ ಆ ಕಾರ್ಡು ಕೊಡು.

ಅಧ್ಯಕ್ಷರೇ, ಶಾಲನ್ನು ಕುರ್ಚಿಯ ಮೇಲಿಟ್ಟಿದ್ದೇನೆ. ಕರೆದು ಕೂರಿಸಿದ್ದಕ್ಕೆ ವಂದನೆಗಳು. ಓ ಕಾರ್ಡಿನವರು ಯಾರೂ ಏಳಬೇಡಿ, ಇನ್ನೊಮ್ಮೆ ಪರೀಕ್ಷೆ ಮಾಡಲು ನಾನೇ ಕೆಳಗೆ ಬರುತ್ತೇನೆ. ಮೊದಲು ಆ ಬಾಗಿಲ ಹತ್ತಿರಕ್ಕೆ. ನಮಸ್ಕಾರ.