ನಾಲ್ಕು ಸೀರೆಗೆ ಬಂದ ಹಾಟ್‌ಬಾಕ್ಸು

...ಅದಕ್ಕೇ ಕಣೇ ಪುಟ್ಟಿ, ನಾನು ಚೀಲ ಹಿಡಿದು ಅಂಗಡಿಗೆ ಹೊರಟಾಗೆಲ್ಲ ನಿಮ್ಮಜ್ಜಿ ಬಾಗಿಲಲ್ಲೇ ತಡೆದು, "ಅದಿಲ್ದೆ ನಿನ್ನೆ ಯಾವ ಕೆಲಸ ನಿಂತಿತ್ತು, ಹೇಳಿ?" ಅಂತ ಕೇಳೋದು. ನಗಬೇಡ. ಆಗ ತಾನೇ ರಿಟೈರ್ ಆಗಿದ್ದೆ, ಈ ವಿಜಯನಗರದ ಮನೆಗೆ ಬಂದು ಒಂದು ವರ್ಷ, ಇಲ್ಲ ಇಲ್ಲ, ಎರಡು, ಸಂಪಿಗೆ ಗಿಡ ನನ್ನ ಭುಜಕ್ಕೆ ಬಂದಿತ್ತಲ್ಲ. ಆಫೀಸಿಲ್ಲ, ಫೈಲಿಲ್ಲ, ಹೊಸ ಸಾಮಾನು ಕಂಡ್ರೆ ಸಾಕು, ತಂದ್ಬುಡೋದು. ಬೆಳ್ಳುಳ್ಳಿ ಸುಲಿಯೋ ರಬ್ಬರ್ ಕೊಳವೆ ಒಂದು ತಂದಿದ್ದೆ ನೋಡು, ಉಜ್ಜಿದ್ರೆ ಬೆಳ್ಳುಳ್ಳಿಗಿಂತ ಮೊದ್ಲು ಅಂಗೈ ಸುಲೀತಿತ್ತು! ಇರ್ಲಿ, ಹಾಟ್‌ಬಾಕ್ಸ್ ವಿಷಯಕ್ಕೆ ಬರ್ತೀನಿ. ನಿಮ್ಮಜ್ಜಿ ಹಿನಕಲ್ಲಿಗೆ ತಂಗಿ ಮನೆಗೆ ಹೋಗಿದ್ಲು, ನಿಮ್ಮಮ್ಮ ಒಳಗೆ ಮಲಗಿದ್ಲು, ಬೀದೀಲಿ "ಹಳೇ ಬಟ್ಟೇಗ್ ಪಾತ್ರೇ..." ಅಂತ ಕೂಗು. ಗಂಗಮ್ಮ ಅಂತ, ಮಂಡಿ ಮೊಹಲ್ಲಾದಿಂದ ಬರೋರು. ಬುಟ್ಟಿ ಇಳಿಸಿ, ಕೆಂಪು ಹೂವಿನ ಹಾಟ್‌ಬಾಕ್ಸ್ ತೋರಿಸಿ, "ನಾಕೇ ನಾಕು ಹತ್ತಿ ಸೀರೆ ಕೊಡಿ ಸ್ವಾಮಿ" ಅಂದ್ರು. ಮನೇಲಿ ಆಗ್ಲೇ ಮೂರು ಹಾಟ್‌ಬಾಕ್ಸ್ ಇದ್ವು, ಗೊತ್ತಾ? ಆದ್ರೂ ಟ್ರಂಕ್ ತೆಗೆದೆ, ತಳದಲ್ಲಿ ನಾಲ್ಕು ಹಳೇ ಸೀರೆ, ಒಗೆದು ಒಗೆದು ಬಣ್ಣ ಹೋಗಿದ್ದು. ಕೊಟ್ಬುಟ್ಟೆ!

ಮಧ್ಯಾಹ್ನ ಬಂದ ನಿಮ್ಮಜ್ಜಿ ಹಾಟ್‌ಬಾಕ್ಸ್ ನೋಡಿದ್ಲು, ಟ್ರಂಕ್ ನೋಡಿದ್ಲು, ಅಲ್ಲೇ ಕೂತ್ಬುಟ್ಲು. "ಅವು ಅತ್ತೆ ಸೀರೆ ಕಣ್ರೀ. ಮಗಳು ಬಾಣಂತನಕ್ಕೆ ಬಂದಿದಾಳೆ, ಇವತ್ತೋ ನಾಳೆಯೋ ಅನ್ನೋ ಹಾಗಿದಾಳೆ. ಹುಟ್ಟೋ ಮಗೂನ ಯಾತರಲ್ಲಿ ಸುತ್ತೀರಿ, ಹಾಟ್‌ಬಾಕ್ಸಲ್ಲಾ?" ನಮ್ಮನೇಲಿ ಹೆಸರಿಡೋವರೆಗೂ ಕೂಸಿಗೆ ಹೊಸ ಬಟ್ಟೆ ಹಾಕೋದಿಲ್ಲ ಕಣೇ, ಮನೆ ಹಿರೀಕರ ಮೆತ್ತಗಿನ ಹಳೇ ಸೀರೇಲೇ ಸುತ್ತಬೇಕು. ನಮ್ಮಮ್ಮ ಹೋದಾಗಿನಿಂದ ಅದಕ್ಕೇ ಅಂತ ನಿಮ್ಮಜ್ಜಿ ಜೋಪಾನ ಮಾಡಿಟ್ಟಿದ್ಲು. ನಂಗೊಂದು ಮಾತೂ ಹೇಳಿರ್ಲಿಲ್ಲ. ಅಲ್ಲ, ಹೇಳಿದ್ಲು, ನಾನೇ ಕೇಳಿಸ್ಕೊಂಡಿರ್ಲಿಲ್ಲ.

ಹಾಟ್‌ಬಾಕ್ಸ್ ಕಂಕುಳಲ್ಲಿಟ್ಕೊಂಡು ಮಂಡಿ ಮೊಹಲ್ಲಾ ಗಲ್ಲಿ ಗಲ್ಲಿ ತಿರುಗಿದೆ. ಕಂಡೋರೆಲ್ಲ "ಯಾರಿಗ್ ಊಟ, ಸಾರ್?" ಅನ್ನೋರು. ಕೊನೆಗೆ ಮನೆ ಸಿಕ್ತು. ಗಂಗಮ್ಮ ತಲೆ ಮೇಲೆ ಕೈ ಹೊತ್ಕೊಂಡ್ರು: "ಅಯ್ಯೋ ಸ್ವಾಮಿ, ಎರಡು ಮಾರ್ಬುಟ್ಟೆ. ಒಂದು ಇಲ್ಲೈತೆ. ಇನ್ನೊಂದು..." ಅಂತ ತಿರುಗಿ ನೋಡಿದ್ರು. ತೊಲೆಗೆ ಕಟ್ಟಿದ ಜೋಲಿ. ನಮ್ಮಮ್ಮನ ಹಸಿರಂಚಿನ ಸೀರೆ, ಒಳಗೆ ಮುಷ್ಟಿ ಕಟ್ಕೊಂಡು ಒಂದು ಕೂಸು ಮಲಗಿದೆ. "ಮೊಮ್ಮಗಳು, ಹತ್ತು ದಿನದ್ದು. ಹೊಸ ಬಟ್ಟೆ ಚುಚ್ಚುತ್ತೆ ಸ್ವಾಮಿ, ಇದು ಬೆಣ್ಣೆ ಇದ್ದಂಗೈತೆ. ಇರಿ, ಬಿಚ್ಕೊಡ್ತೀನಿ" ಅಂತ ಕೂಸಿಗೆ ಕೈ ಹಾಕಿದ್ರು. "ಬೇಡಮ್ಮ, ಎಬ್ಬಿಸ್ಬೇಡಿ" ಅಂದೆ. ಉಳಿದಿದ್ದೊಂದನ್ನ ಮಡಿಸಿ ಕೊಟ್ರು. ನಾನು ಹಾಟ್‌ಬಾಕ್ಸ್ ಮುಂದಿಟ್ರೆ ಗೊಳ್ಳಂತ ನಕ್ರು: "ನಂಗ್ಯಾಕ್ ಸ್ವಾಮಿ? ನಮ್ಮನೇಲಿ ಮಾಡಿದ್ದು ಆರೋಕ್ ಮುಂಚೇನೇ ಖಾಲಿ!"

ಆ ಒಂದು ಸೀರೇನ ನಿಮ್ಮಜ್ಜಿ ಎಂಟು ತುಂಡು ಮಾಡಿ, ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಹಾಕಿದ್ಲು. ಮೂರನೇ ದಿನಕ್ಕೆ ನೀನು ಬಂದೆ, ಮುತ್ತಜ್ಜಿ ಸೀರೇಲಿ ಮೂಗಷ್ಟೇ ಕಾಣ್ತಿತ್ತು. ಹೊಸದು ತರೋಕ್ ಮುಂಚೆ ಮನೇಲಿರೋದು ಯಾತಕ್ಕಿದೆ ಅಂತ ಕೇಳ್ಕೋಬೇಕು ಕಣೇ, ಅಷ್ಟೆ. ಎಲ್ಲಿ, ಬೆಳಿಗ್ಗೆ ನಾನು ಪೇಪರಿಂದ ಕತ್ತರಿಸಿಟ್ಟ ಆ ಜ್ಯೂಸ್ ಮಿಷನ್ ಜಾಹೀರಾತು ಇತ್ತ ಕೊಡು, ನಿಮ್ಮಜ್ಜಿ ನೋಡೋಕ್ ಮುಂಚೆ ಹರಿದ್ಹಾಕ್ತೀನಿ.