ಒಂದು ಅಕ್ಷರ ಬಿಟ್ಟ ಮೊಳಕಾಲ್ಮೂರು

ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರ ಸೂರಪ್ಪ, ಅವರ ಸೊಸೆ ಶ್ರೀವಾಣಿ ಕೂತಿದ್ದರು. ಪೊಲೀಸರಿಗೆ ದೂರು ಕೊಟ್ಟು ಬಂದಿದ್ದರೆಂದು ಮಾತಿನಿಂದ ತಿಳಿಯಿತು. ನಾನು ಪುಸ್ತಕ ಓದುವವಳಂತೆ ತಲೆ ತಗ್ಗಿಸಿದ್ದೆ.

“ಆ ದಾವಣಗೆರೆಯಮ್ಮ ಎಳೆ ಸುಟ್ಟು ನೋಡಿದ್ಲಂತೆ, ಪ್ಲಾಸ್ಟಿಕ್ ವಾಸನೆ. ಮಗಳ ಮದುವೆಗೆ ಇಂಥದ್ದು ಕಳ್ಸೀರಾ ಅಂತ ನನಗೇ ಬೈದ್ಲು. ಆ ಸೀರೆ ನಾನು ಕಣ್ಣಲ್ಲೂ ಕಂಡಿಲ್ಲ.”

“ನಮ್ಮ ವೆಬ್‌ಸೈಟ್ ಅನ್ಕಂಡೇ ತಗಂಡಿದ್ದು ಮಾವ. ಯಾವನೋ ಕಳ್ಳ ವೆಬ್‌ಸೈಟ್ ಹೆಸರಲ್ಲಿರೋ ನಮ್ಮೂರಿಂದ ಇಂಗ್ಲಿಷಿನ ಒಂದು ‘ಎ’ ತೆಗೆದು, ಉಳಿದಿದ್ದೆಲ್ಲ ನಮ್ದೇ ಇಟ್ಕಂಡವ್ನೆ. ನೀವು ಮಗ್ಗದಲ್ಲಿ ಕೂತಿರೋ ಫೋಟೋನೂ ಹಾಕ್ಕಂಡವ್ನೆ.”

“ಮಗ್ಗದ ಗುಂಡೀಲಿ ಕಾಲಿಟ್ಟು ನೇಯೋನು ನಾನು, ಹೆಸರು ಆ ದೊಂಗನಿಗಾ, ಆ ಕಳ್ಳನಿಗಾ? ಒಂದು ಎಳೆ ತಪ್ಪಿದ್ರೆ ನಾನು ಬಿಚ್ಚಿ ಮತ್ತೆ ನೇಯ್ತೀನಿ. ಒಂದು ಅಕ್ಷರ ತಪ್ಪಿದ್ರೆ ಕೇಳೋರೇ ಇಲ್ವಾ?”

“ಅದಕ್ಕೂ ಕಾವಲು ಐತೆ ಮಾವ. ನಮ್ಮದನ್ನ ಹೋಲೋ ವೆಬ್‌ಸೈಟ್ ಹೆಸರು ಯಾರಾದ್ರೂ ನೋಂದಾಯಿಸಿದ್ರೆ ನಮಗೆ ಮೆಸೇಜ್ ಬರ್ತೈತೆ. ಹೋದ ವರ್ಷವೇ ಹೇಳಿದ್ದೆ. ಊರ ಹೆಸರು ಯಾರು ಕದೀತಾರೆ ಅಂತ ನಕ್ಕಿದ್ರಿ.”

ಸೂರಪ್ಪ ಸೊಸೆಯ ಫೋನಿನತ್ತ ಕೈ ತೋರಿಸಿದರು.

“ಇವತ್ತೇ ಕಾವಲು ಹಾಕ್ಸು. ಇಂಗ್ಲಿಷಲ್ಲಿ ಎಷ್ಟು ಥರ ಬರೀತಾರೆ ನಮ್ಮೂರ ಹೆಸರನ್ನ?”

“ನಾಲ್ಕು ಥರ. ಎಲ್ಲಾ ಬರ್ಕಂಡಿದೀನಿ.”

ಮೊಳಕಾಲ್ಮೂರು ಬಸ್ಸು ಬಂತು. ಅದರ ಇಂಗ್ಲಿಷ್ ಬೋರ್ಡು ನೋಡುತ್ತ ಶ್ರೀವಾಣಿ ಬಾಗಿಲ ಬಳಿ ನಿಂತೇಬಿಟ್ಟಳು.

“ಹತ್ತಮ್ಮ, ಸೀಟು ಹೋಗ್ತವೆ.”

“ಇರ್ರಿ ಮಾವ. ಇಲ್ಲಿ ಐದನೇ ಥರ ಬರ್ದವ್ರೆ.”